ಡಿಎನ್ಎ ಹೊಂದಿತು, ಆಮೇಲೆ?

1986ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 17 ವರ್ಷದ ಒಬ್ಬ ಹುಡುಗ ಪೊಲೀಸರ ಮುಂದೆ ಕೊಲೆ ಒಪ್ಪಿಕೊಂಡ. ಶಾಲೆಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿ ಕೊಂದಿದ್ದರು. ಮೂರು ವರ್ಷದ ಹಿಂದೆ ಅಲ್ಲೇ ಪಕ್ಕದ ಹಳ್ಳಿಯಲ್ಲಿ ಇನ್ನೊಬ್ಬ ಹುಡುಗಿಯ ಕೊಲೆ ಹೀಗೇ ಆಗಿತ್ತು. ಎರಡೂ ಒಬ್ಬನದೇ ಕೆಲಸ ಅಂತ ಪೊಲೀಸರಿಗೆ ಗಟ್ಟಿ ನಂಬಿಕೆ. ಆದರೆ ಹುಡುಗ ಒಂದನ್ನು ಮಾತ್ರ ಒಪ್ಪಿಕೊಂಡ, ಮೊದಲನೆಯದು ತನ್ನದಲ್ಲ ಅಂದ. ಅದನ್ನೂ ಅವನ ಮೇಲೆ ಸಾಬೀತು ಮಾಡಬೇಕಿತ್ತು. ಅದಕ್ಕೇ ಪೊಲೀಸರು ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ ಹತ್ತಿರ ಹೋದರು. ಎರಡು ವರ್ಷದ ಹಿಂದೆ, 1984ರ ಸೆಪ್ಟೆಂಬರ್ 10ರ ಬೆಳಿಗ್ಗೆ, ತಮ್ಮ ಪ್ರಯೋಗಾಲಯದಲ್ಲಿ ಎಕ್ಸ್-ರೇ ಫಿಲ್ಮೊಂದನ್ನು ತೊಳೆದು ನೋಡುವಾಗ ಒಬ್ಬೊಬ್ಬರ ಡಿಎನ್ಎ ಒಂದೊಂದು ಥರ ಪಟ್ಟೆ ಮೂಡಿಸುತ್ತದೆ ಅಂತ ಕಂಡುಕೊಂಡವರು ಇವರು.

ಜೆಫ್ರಿಸ್ ಪರೀಕ್ಷೆ ಮಾಡಿದರು. ಎರಡೂ ಕೊಲೆ ಒಬ್ಬನೇ ಮಾಡಿದ್ದು, ಅದರಲ್ಲಿ ಪೊಲೀಸರ ಊಹೆ ಸರಿ. ಆದರೆ ಆ ಒಬ್ಬ ಈ ಹುಡುಗ ಅಲ್ಲ.

ಇವತ್ತಿನ ಮಾತನ್ನು ಇಲ್ಲಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಡಿಎನ್ಎ ಅಂದ ಕೂಡಲೇ ನಮಗೆ 'ಸಿಕ್ಕಿಬಿದ್ದ' ಅನ್ನುವ ಮಾತು ನೆನಪಾಗುತ್ತದೆ, ಅಲ್ವಾ? ಆದರೆ ಕೊಲೆ ತನಿಖೆಯೊಂದರಲ್ಲಿ ಡಿಎನ್ಎ ಮೊದಲ ಸಲ ಮಾಡಿದ ಕೆಲಸ, ತಪ್ಪೊಪ್ಪಿಗೆ ಕೊಟ್ಟು ಜೈಲಿನ ದಾರಿ ಹಿಡಿದಿದ್ದ ಹುಡುಗನೊಬ್ಬನನ್ನು ಬಿಡಿಸಿದ್ದು. ಅವನನ್ನು ಯಾರೂ ನಂಬದಿದ್ದಾಗ ಅವನ ರಕ್ತ ಅವನ ಪರ ನಿಂತಿತು.

ಮುಂದೆ ನಡೆದಿದ್ದೂ ಅಷ್ಟೇ ಮುಖ್ಯ. ಈಗ ಪೊಲೀಸರ ಕೈಯಲ್ಲಿ ಕೊಲೆಗಾರನ ಡಿಎನ್ಎ ಇದೆ, ಆದರೆ ಅದನ್ನು ಯಾರದರ ಜೊತೆ ಹೋಲಿಸುವುದು? ಪಟ್ಟಿ ಅಂತ ಒಂದು ಇಲ್ಲ. ಹಾಗಾಗಿ ಸುತ್ತಲಿನ ಹಳ್ಳಿಗಳ ಗಂಡಸರನ್ನೆಲ್ಲ ಕರೆದು, ಬಂದು ರಕ್ತ ಕೊಡಿ ಅಂದರು. 5,000ಕ್ಕೂ ಹೆಚ್ಚು ಜನ ಕೊಟ್ಟರು. ಒಬ್ಬನದೂ ಹೊಂದಲಿಲ್ಲ. ಯಾಕಂದರೆ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಹೆಸರಿನಲ್ಲಿ ಬೇಕರಿಯ ಸಹೋದ್ಯೋಗಿಯೊಬ್ಬನನ್ನು ಕಳಿಸಿದ್ದ. ಆ ಸಹೋದ್ಯೋಗಿ ಒಂದು ದಿನ ಪಬ್‌ನಲ್ಲಿ ಕೂತು ವಿಷಯ ಬಾಯಿಬಿಟ್ಟ, ಅದು ಪೊಲೀಸರ ಕಿವಿಗೆ ಬಿತ್ತು. 1987ರ ಸೆಪ್ಟೆಂಬರ್‌ನಲ್ಲಿ ಪಿಚ್‌ಫೋರ್ಕ್ ಬಂಧನವಾಯಿತು, 1988ರಲ್ಲಿ ಜೀವಾವಧಿ ಶಿಕ್ಷೆ. ಡಿಎನ್ಎ ಅವನನ್ನು ಖಚಿತಪಡಿಸಿತು, ನಿಜ. ಆದರೆ ಅವನ ಮನೆ ಬಾಗಿಲಿಗೆ ಕರೆದುಕೊಂಡು ಹೋಗಿದ್ದು ಮನುಷ್ಯರ ಮಾತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಐದು ಸಾವಿರ ಜನರ ರಕ್ತ ಒಂದು ಕೇಸಿಗೆ! ಪ್ರತಿ ಸಲ ಹೀಗೆ ಮಾಡುವುದಕ್ಕೆ ಆಗುತ್ತದಾ? ಡೇಟಾಬೇಸ್‌ನ ಯೋಚನೆ ಬೆಳೆದದ್ದು ಈ ಕಷ್ಟದಿಂದಲೇ.

ಇಲ್ಲಿ ಎರಡು ನಿಮಿಷ ಬದಿಗೆ ಹೋಗುತ್ತೇನೆ. ಗುರುತುಗಳನ್ನು ಸಂಗ್ರಹಿಸುವುದು ಯಾವತ್ತೂ ದೊಡ್ಡ ವಿಷಯ ಆಗಿರಲಿಲ್ಲ. ಸಂಗ್ರಹಿಸಿದ್ದರಲ್ಲಿ ಬೇಕಾದ್ದನ್ನು ಹುಡುಕುವುದೇ ಕಷ್ಟ. ಬೆರಳಚ್ಚಿನ ವಿಷಯದಲ್ಲಿ ಈ ಗಂಟು ಬಿಡಿಸಿದ್ದು 1890ರ ದಶಕದ ಕಲ್ಕತ್ತಾದಲ್ಲಿ. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ನೌಕರರು ಹತ್ತು ಬೆರಳಿನ ಸುಳಿಗಳನ್ನು ಲೆಕ್ಕಕ್ಕೆ ಇಳಿಸಿದರು. ಆ ಲೆಕ್ಕದ ಪ್ರಕಾರ ಕಾರ್ಡುಗಳನ್ನು 1,024 ಗೂಡುಗಳಲ್ಲಿ ಹಂಚಿಡಬಹುದಿತ್ತು. ಹೊಸ ಅಚ್ಚು ಬಂದರೆ ಸಾವಿರಾರು ಕಾರ್ಡು ತಡಕಬೇಕಿಲ್ಲ, ನೇರ ಒಂದು ಗೂಡಿಗೆ ಕೈ ಹಾಕಿದರೆ ಸಾಕು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು, 1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದೇ ಪದ್ಧತಿ ತೆಗೆದುಕೊಂಡಿತು. ಹೆಸರು ಮಾತ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಆ ಇಬ್ಬರ ಹೆಸರನ್ನು ಹೇಳದೆ ಈ ಕಥೆ ಹೇಳಬಾರದು ಅಂತ ನನಗೆ ಅನಿಸುತ್ತದೆ, ಅದಕ್ಕೇ ಹೇಳಿದೆ.

ಡಿಎನ್ಎಗೂ ಇದೇ ತೊಂದರೆ ಬಂತು. ಜೆಫ್ರಿಸ್ ಕಂಡ ಪಟ್ಟೆಗಳು ಅಂಗಡಿ ಸಾಮಾನಿನ ಮೇಲಿನ ಬಾರ್‌ಕೋಡ್ ಥರ ಇದ್ದವು, ಆದರೆ ಮಸುಕು ಮಸುಕು. ಎರಡು ಫಿಲ್ಮ್ ಪಕ್ಕ ಪಕ್ಕ ಇಟ್ಟು ಕಣ್ಣಲ್ಲಿ ಹೋಲಿಸಬಹುದು. ಲಕ್ಷಗಟ್ಟಲೆ ಫಿಲ್ಮ್‌ಗಳಲ್ಲಿ ಕಂಪ್ಯೂಟರ್ ಹುಡುಕುವಂತೆ ಮಾಡುವುದು ಕಷ್ಟ. ಜೊತೆಗೆ ರಕ್ತ, ವೀರ್ಯ ಸಾಕಷ್ಟು ಪ್ರಮಾಣದಲ್ಲಿ ಬೇಕಿತ್ತು.

ಎರಡು ವಿಷಯ ಸೇರಿ ಇದನ್ನು ಬದಲಾಯಿಸಿದವು. ಒಂದು ಪಿಸಿಆರ್. ಕೋವಿಡ್ ಆದ ಮೇಲೆ ಈ ಹೆಸರು ಎಲ್ಲರಿಗೂ ಗೊತ್ತು. ಚಿಟಿಕೆಯಷ್ಟು ಡಿಎನ್ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ ಅದು. ಕ್ಯಾರಿ ಮಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂದದ್ದು ಇದಕ್ಕೇ. ಇನ್ನೊಂದು ಎಸ್‌ಟಿಆರ್. ನಮ್ಮ ಡಿಎನ್ಎಯಲ್ಲಿ ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ. ಕೆಲವು ಜಾಗಗಳಲ್ಲಿ ಒಂದು ಸಣ್ಣ ತುಣುಕು, ಎಎಟಿಜಿ ಅಂತಿಟ್ಟುಕೊಳ್ಳಿ, ಒಂದರ ಹಿಂದೆ ಒಂದು ಮತ್ತೆ ಮತ್ತೆ ಬರುತ್ತದೆ. ನಿಮ್ಮಲ್ಲಿ ಆರು ಸಲ ಬಂದರೆ ನನ್ನಲ್ಲಿ ಒಂಬತ್ತು ಸಲ ಬರಬಹುದು. ಅದನ್ನು ಎಣಿಸುವುದು. ಪ್ರತಿ ಜಾಗಕ್ಕೆ ಎರಡು ಸಂಖ್ಯೆ, ಒಂದು ಅಮ್ಮನಿಂದ ಬಂದದ್ದು, ಒಂದು ಅಪ್ಪನಿಂದ. ಇಂಥ 20 ಜಾಗ ಎಣಿಸಿದರೆ 40 ಸಂಖ್ಯೆಗಳ ಒಂದು ಸಾಲು ಸಿಗುತ್ತದೆ. ಪ್ರೊಫೈಲ್ ಅಂದರೆ ಅಷ್ಟೇ, ಒಂದು ಸಾಲು ಸಂಖ್ಯೆ. ಸಂಖ್ಯೆ ಆದ ಕ್ಷಣ ಅದನ್ನು ಕಂಪ್ಯೂಟರ್‌ನಲ್ಲಿ ಇಡಬಹುದು, ಫೋನಿನಲ್ಲಿ ಓದಿ ಹೇಳಬಹುದು, ಇನ್ನೊಂದು ದೇಶಕ್ಕೆ ಕಳಿಸಬಹುದು.

1995ರ ಏಪ್ರಿಲ್ 10ರಂದು ಬ್ರಿಟನ್ ಜಗತ್ತಿನ ಮೊದಲ ರಾಷ್ಟ್ರೀಯ ಡಿಎನ್ಎ ಡೇಟಾಬೇಸ್ ತೆರೆಯಿತು. ಅಮೆರಿಕದಲ್ಲಿ 1994ರಲ್ಲಿ ಕಾನೂನು ಬಂತು, 1998ರಲ್ಲಿ ಎಫ್‌ಬಿಐಯ ರಾಷ್ಟ್ರೀಯ ವ್ಯವಸ್ಥೆ ಕೆಲಸ ಶುರು ಮಾಡಿತು. ಅಲ್ಲಿ ಮೊದಲು 13 ಜಾಗ ಎಣಿಸುತ್ತಿದ್ದರು, 2017ರಿಂದ 20. ಒಳಗೆ ಎರಡು ಪೆಟ್ಟಿಗೆ ಇದೆ ಅಂದುಕೊಳ್ಳಿ. ಒಂದರಲ್ಲಿ ಹೆಸರು ಗೊತ್ತಿರುವ ಜನರ ಪ್ರೊಫೈಲ್. ಇನ್ನೊಂದರಲ್ಲಿ ಅಪರಾಧ ನಡೆದ ಜಾಗದಲ್ಲಿ ಸಿಕ್ಕ, ಯಾರದ್ದೆಂದು ಗೊತ್ತಿಲ್ಲದ ಪ್ರೊಫೈಲ್. ಇವೆರಡನ್ನೂ ಕಂಪ್ಯೂಟರ್ ಹೋಲಿಸುತ್ತಲೇ ಇರುತ್ತದೆ. ಒಂದು ಊರಿನ ಕಿಟಕಿ ಗಾಜಿನ ರಕ್ತ ಇನ್ನೊಂದು ಊರಿನ ಸಿಗರೇಟು ತುಂಡಿಗೆ ಹೊಂದಿದರೆ, ಹೆಸರು ಗೊತ್ತಿಲ್ಲದಿದ್ದರೂ ಎರಡು ಕೇಸು ಒಬ್ಬನದೇ ಅಂತ ತಿಳಿಯುತ್ತದೆ. ಎರಡು ಠಾಣೆಗಳು ಬೇರೆ ಬೇರೆ ಹುಡುಕುತ್ತಿದ್ದದ್ದನ್ನು ಒಟ್ಟಿಗೆ ಹುಡುಕಬಹುದು. ಇದು ನಿಜಕ್ಕೂ ದೊಡ್ಡ ಶಕ್ತಿ. ಬ್ರಿಟನ್ನಿನ ಈಚಿನ ವರ್ಷಗಳ ಸರ್ಕಾರಿ ವರದಿಗಳ ಪ್ರಕಾರ, ಘಟನೆಯ ಜಾಗದಿಂದ ಬಂದ ಪ್ರೊಫೈಲ್ ಒಳಗೆ ಹಾಕಿದರೆ ಸುಮಾರು ಮೂರರಲ್ಲಿ ಎರಡು ಸಲ ಯಾರದ್ದಾದರೂ ಹೆಸರು ಹೊರಬರುತ್ತದೆ.

ಸರಿ, ಹೆಸರು ಬಂತು. ಆಮೇಲೆ?

ನಾನು ಹೇಳಬೇಕು ಅಂತ ಬಂದ ಮಾತು ಇದೇ. ಈ ಕಲೆ ಯಾರದ್ದು ಅನ್ನುವುದನ್ನು ಡಿಎನ್ಎ ಹೇಳುತ್ತದೆ. ಅದು ಅಲ್ಲಿಗೆ ಹೇಗೆ ಬಂತು, ಯಾವಾಗ ಬಂತು ಅನ್ನುವುದನ್ನು ಹೇಳುವುದಿಲ್ಲ. ಕೆಲವು ಸಲ ಯಾರದ್ದು ಅನ್ನುವುದರಲ್ಲೂ ತಪ್ಪಾಗುತ್ತದೆ. ಮೂರು ಕಥೆ ಹೇಳುತ್ತೇನೆ, ಮೂರೂ ನಡೆದವು.

ಬ್ರಿಟನ್ನಿನಲ್ಲಿ 1999ರಲ್ಲಿ ಒಂದು ಮನೆಗಳ್ಳತನ. ಸಿಕ್ಕ ಡಿಎನ್ಎ ಡೇಟಾಬೇಸ್‌ನಲ್ಲಿದ್ದ ಒಬ್ಬರಿಗೆ ಹೊಂದಿತು. ಆಗ ಅಲ್ಲಿ ಆರೇ ಜಾಗ ಎಣಿಸುತ್ತಿದ್ದರು. ಕಾಕತಾಳೀಯವಾಗಿ ಹೊಂದುವ ಸಾಧ್ಯತೆ 3 ಕೋಟಿ 70 ಲಕ್ಷದಲ್ಲಿ ಒಂದು ಅಂದರು. ಆದರೆ ಆ ಮನುಷ್ಯ ಕಳ್ಳತನ ನಡೆದ ಊರಿಂದ ಸುಮಾರು 320 ಕಿಲೋಮೀಟರ್ ದೂರದಲ್ಲಿದ್ದರು. ಪಾರ್ಕಿನ್ಸನ್ ಕಾಯಿಲೆ ಜೋರಾಗಿತ್ತು, ಆಸರೆ ಇಲ್ಲದೆ ನಾಲ್ಕು ಹೆಜ್ಜೆ ನಡೆಯುವುದೇ ಕಷ್ಟ. ಆದರೂ ಆರೋಪ ಹೊರಿಸಿದರು. ವಕೀಲರು ಹಠ ಹಿಡಿದು ಹತ್ತು ಜಾಗ ಎಣಿಸುವ ಹೊಸ ಪರೀಕ್ಷೆ ಮಾಡಿಸಿದ ಮೇಲೆ ಅದು ಅವರದ್ದಲ್ಲ ಅಂತ ಗೊತ್ತಾಯಿತು.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ನ್ಯಾಯಾಲಯಗಳೂ ಇಲ್ಲಿ ಎಡವುತ್ತವೆ. 3 ಕೋಟಿ 70 ಲಕ್ಷದಲ್ಲಿ ಒಂದು ಅಂದರೆ ಭಯಂಕರ ಖಚಿತ ಅನಿಸುತ್ತದೆ. ಅನುಮಾನ ಇರುವ ಒಬ್ಬನನ್ನು ಹಿಡಿದು, ಅವನೊಬ್ಬನ ಜೊತೆ ಹೋಲಿಸಿದರೆ ಅದು ಖಚಿತವೇ. ಆದರೆ ಆಗ ಡೇಟಾಬೇಸ್‌ನಲ್ಲಿ ಹತ್ತಿರ ಹತ್ತಿರ ಏಳು ಲಕ್ಷ ಜನ ಇದ್ದರು. ಒಂದು ಕಲೆಯನ್ನು ಏಳು ಲಕ್ಷ ಜನರ ಜೊತೆ ಹೋಲಿಸುತ್ತಿದ್ದೀರಿ. ಸುಮ್ನೆ ಭಾಗಿಸಿ ನೋಡಿ. ಸಂಬಂಧವೇ ಇಲ್ಲದ ಯಾರಿಗೋ ಹೊಂದುವ ಸಾಧ್ಯತೆ ಸುಮಾರು 50ರಲ್ಲಿ ಒಂದಕ್ಕೆ ಬಂದುಬಿಡುತ್ತದೆ. ಇಂಥ ಕಲೆಗಳು ಸಾವಿರಾರು ಇದ್ದವು. ಅಂದರೆ ಇದು ಎಲ್ಲೋ ಒಂದು ಕಡೆ ಆಗಲೇಬೇಕಿತ್ತು. ಈಗ ಎಣಿಸುವ ಜಾಗಗಳು ಜಾಸ್ತಿ ಆಗಿರುವುದರಿಂದ ಪೂರ್ತಿ ಪ್ರೊಫೈಲ್‌ನಲ್ಲಿ ಈ ಅಪಾಯ ತೀರಾ ಕಡಿಮೆ. ಆದರೆ ಹಾಳಾದ ಕಲೆಯಿಂದ ಅರ್ಧಂಬರ್ಧ ಪ್ರೊಫೈಲ್ ಸಿಕ್ಕಾಗ, ಮೂರು ನಾಲ್ಕು ಜನರ ಡಿಎನ್ಎ ಕಲಸಿಹೋಗಿದ್ದಾಗ ಅದೇ ಪ್ರಶ್ನೆ ವಾಪಸ್ ಬರುತ್ತದೆ.

ಎರಡನೆಯದು ಜರ್ಮನಿಯದು. 2007ರಲ್ಲಿ ಹೈಲ್‌ಬ್ರಾನ್ ಊರಿನಲ್ಲಿ 22 ವರ್ಷದ ಮಹಿಳಾ ಪೊಲೀಸ್ ಅಧಿಕಾರಿಯನ್ನು ಗುಂಡಿಟ್ಟು ಕೊಂದರು. ಕಾರಿನಲ್ಲಿ ಒಬ್ಬ ಹೆಂಗಸಿನ ಡಿಎನ್ಎ ಸಿಕ್ಕಿತು. ಡೇಟಾಬೇಸ್ ನೋಡಿದರೆ ಅದೇ ಹೆಂಗಸು ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳಲ್ಲಿ ಸುಮಾರು 40 ಕಡೆ ಕಾಣಿಸಿಕೊಂಡಿದ್ದಾಳೆ! ಕೊಲೆ, ದರೋಡೆ, ಸಣ್ಣಪುಟ್ಟ ಕಳ್ಳತನ, ಎಲ್ಲದರಲ್ಲೂ ಇದ್ದಾಳೆ. 3 ಲಕ್ಷ ಯೂರೋ ಬಹುಮಾನ ಘೋಷಿಸಿದರು. 2009ರಲ್ಲಿ, ಸುಟ್ಟುಹೋದ ಒಬ್ಬ ಗಂಡಸಿನ ಶವದ ಗುರುತು ಪತ್ತೆ ಮಾಡುವಾಗ ಅವನ ಕಾಗದಪತ್ರದ ಮೇಲೂ ಇದೇ ಹೆಂಗಸಿನ ಡಿಎನ್ಎ ಬಂದಾಗ ಅನುಮಾನ ಶುರುವಾಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟು. ಕಲೆ ಒರೆಸಿ ತೆಗೆಯುವ ಹತ್ತಿ ಕಡ್ಡಿಗಳನ್ನು ಪ್ಯಾಕ್ ಮಾಡುತ್ತಿದ್ದ ಕೆಲಸಗಾರ್ತಿಯ ಡಿಎನ್ಎ ಅದು. ಕಡ್ಡಿಗಳಲ್ಲಿ ರೋಗಾಣು ಇರಲಿಲ್ಲ, ಆದರೆ ಡಿಎನ್ಎ ಇತ್ತು. ರೋಗಾಣು ಸತ್ತ ಮಾತ್ರಕ್ಕೆ ಡಿಎನ್ಎ ಹೋಗುವುದಿಲ್ಲ. ಎರಡು ವರ್ಷ ಪೊಲೀಸರು ಇಲ್ಲದ ಹೆಂಗಸನ್ನು ಹುಡುಕಿದರು. ಆ ಅಧಿಕಾರಿಯನ್ನು ಕೊಂದದ್ದು ಎನ್‌ಎಸ್‌ಯು ಎಂಬ ನವನಾಜಿ ಗುಂಪು ಅಂತ ತಿಳಿದದ್ದು 2011ರಲ್ಲಿ. ಸತ್ತವಳಿಗೂ ಅವಳ ಮನೆಯವರಿಗೂ ಆದ ಅನ್ಯಾಯ ನೋಡಿ. ಇದಾದ ಮೇಲೆ ಇಂಥ ಸಾಮಗ್ರಿಗೆ 2016ರಲ್ಲಿ ಪ್ರತ್ಯೇಕ ಅಂತರರಾಷ್ಟ್ರೀಯ ಮಾನದಂಡ ಬಂತು. ಪ್ರಯೋಗಾಲಯದವರ, ಸ್ಥಳಕ್ಕೆ ಹೋಗುವ ಸಿಬ್ಬಂದಿಯ ಪ್ರೊಫೈಲ್ ಬೇರೆ ಇಟ್ಟುಕೊಂಡು ಮೊದಲು ಅದರ ಜೊತೆ ಹೋಲಿಸುವುದು ಎಷ್ಟು ಅಗತ್ಯ ಅಂತಲೂ ಮನವರಿಕೆಯಾಯಿತು.

ಮೂರನೆಯದು ಕ್ಯಾಲಿಫೋರ್ನಿಯಾ, 2012. ಮನೆಗೆ ನುಗ್ಗಿದವರು ಯಜಮಾನನನ್ನು ಕೊಂದರು. ಸತ್ತವನ ಉಗುರಿನಡಿ ಸಿಕ್ಕ ಡಿಎನ್ಎ ಒಬ್ಬ ಮನೆಯಿಲ್ಲದ ಬಡವನಿಗೆ ಹೊಂದಿತು. ಪ್ರಯೋಗಾಲಯದ್ದು ಏನೂ ತಪ್ಪಿಲ್ಲ, ಅದು ಅವನದೇ ಡಿಎನ್ಎ. ಆದರೆ ಆ ರಾತ್ರಿ ಅವನು ಕುಡಿದು ಬಿದ್ದು ಆಸ್ಪತ್ರೆ ಸೇರಿದ್ದ, ಆಸ್ಪತ್ರೆಯ ದಾಖಲೆ ಇತ್ತು. ಅವನನ್ನು ಆಂಬುಲೆನ್ಸ್‌ನಲ್ಲಿ ನೋಡಿಕೊಂಡ ಸಿಬ್ಬಂದಿಯೇ ಕೆಲವು ಗಂಟೆ ಬಿಟ್ಟು ಈ ಕೊಲೆ ನಡೆದ ಮನೆಗೂ ಹೋಗಿದ್ದರು. ಬೆರಳಿಗೆ ಹಾಕುವ ಆಕ್ಸಿಮೀಟರ್ ಮೂಲಕವೋ, ಕೈಬಟ್ಟೆ ಮೂಲಕವೋ ಅವನ ಕಣಗಳು ಸತ್ತವನ ಬೆರಳಿಗೆ ಹೋಗಿವೆ. ಕೊಲೆ ಆರೋಪದಲ್ಲಿ ಐದು ತಿಂಗಳು ಜೈಲು. ಅವನಿಗೇ ಆ ರಾತ್ರಿ ಏನಾಯಿತು ಅಂತ ನೆನಪಿರಲಿಲ್ಲ. ಆಸ್ಪತ್ರೆಯ ಆ ಒಂದು ಕಾಗದ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನು, ಆ ಪಟ್ಟಿಯಲ್ಲಿ ಯಾರಿರಬೇಕು ಅನ್ನುವ ಪ್ರಶ್ನೆ. ಮೊದಲು ಶಿಕ್ಷೆಯಾದವರು ಮಾತ್ರ ಅಂದರು, ಅದೂ ಘೋರ ಅಪರಾಧಗಳಿಗೆ. ಆಮೇಲೆ ಸಣ್ಣ ಅಪರಾಧಗಳೂ ಸೇರಿದವು. ಆಮೇಲೆ ಬರೀ ಬಂಧನವಾದವರು. ಬ್ರಿಟನ್ನಿನಲ್ಲಿ 2001ರ ಹೊತ್ತಿಗೆ ಖುಲಾಸೆಯಾದರೂ ಡಿಎನ್ಎ ಅಳಿಸಬೇಕಿಲ್ಲ ಅಂತಾಯಿತು. 11 ವರ್ಷದ ಹುಡುಗನೊಬ್ಬನನ್ನು ದರೋಡೆ ಯತ್ನದ ಆರೋಪದಲ್ಲಿ ಬಂಧಿಸಿದರು, ನಿರಪರಾಧಿ ಅಂತ ತೀರ್ಪು ಬಂತು. ನನ್ನ ಡಿಎನ್ಎ ಅಳಿಸಿ ಅಂದರೆ ಆಗಲ್ಲ ಅಂದರು. ಕೇಸು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 2008ರ ಡಿಸೆಂಬರ್ 4ರಂದು 17 ನ್ಯಾಯಾಧೀಶರೂ ಒಂದೇ ದನಿಯಲ್ಲಿ, ಶಿಕ್ಷೆಯಾಗದವರ ಡಿಎನ್ಎಯನ್ನು ಮಿತಿಯಿಲ್ಲದೆ ಇಟ್ಟುಕೊಳ್ಳುವುದು ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧ ಅಂದರು. 2012ರಲ್ಲಿ ಬ್ರಿಟನ್ ಹೊಸ ಕಾನೂನು ತಂದು 17 ಲಕ್ಷಕ್ಕೂ ಹೆಚ್ಚು ಪ್ರೊಫೈಲ್ ಅಳಿಸಿತು. ಅಷ್ಟು ಅಳಿಸಿದ್ದಕ್ಕೆ ವ್ಯವಸ್ಥೆ ಕುಸಿದು ಬೀಳಲಿಲ್ಲ. ಈಗಲೂ ಚೆನ್ನಾಗಿ ಕೆಲಸ ಮಾಡುತ್ತಿದೆ.

ಅಮೆರಿಕ ಬೇರೆ ದಾರಿ ಹಿಡಿಯಿತು. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಗಂಭೀರ ಆರೋಪದಲ್ಲಿ ಬಂಧನವಾದವರ ಕೆನ್ನೆಯ ಒಳಗಿಂದ ಡಿಎನ್ಎ ತೆಗೆಯಬಹುದು ಅಂತ 5-4ರ ತೀರ್ಪು ಕೊಟ್ಟಿತು. 2021ರಲ್ಲಿ ಅವರ ರಾಷ್ಟ್ರೀಯ ಡೇಟಾಬೇಸ್ 2 ಕೋಟಿ ಪ್ರೊಫೈಲ್ ಮುಟ್ಟಿತು. ಕುವೈತ್ 2015ರಲ್ಲಿ ದೇಶದಲ್ಲಿರುವ ಎಲ್ಲರ ಡಿಎನ್ಎ ಕಡ್ಡಾಯ ಮಾಡಿತು, 2017ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ಹೊಡೆದುಹಾಕಿತು. ಭಾರತದಲ್ಲಿ ಡಿಎನ್ಎ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಸ್ಥಾಯಿ ಸಮಿತಿಗೆ ಹೋಯಿತು, 2023ರಲ್ಲಿ ವಾಪಸಾಯಿತು. ಆದರೆ ಅಷ್ಟರಲ್ಲಿ 2022ರ ಅಪರಾಧ ಪ್ರಕ್ರಿಯೆ ಗುರುತಿಸುವಿಕೆ ಕಾಯ್ದೆ ಬಂದಿತ್ತು. ಅದರ 'ಅಳತೆ'ಗಳಲ್ಲಿ ಜೈವಿಕ ಮಾದರಿ ಮತ್ತು ಅದರ ವಿಶ್ಲೇಷಣೆಯೂ ಸೇರುತ್ತದೆ, ದಾಖಲೆ 75 ವರ್ಷ ಇಡಬಹುದು.

ಎಲ್ಲರದ್ದೂ ಒಮ್ಮೆಗೇ ತೆಗೆದುಕೊಂಡುಬಿಟ್ಟರೆ ತಾರತಮ್ಯವೇ ಇರಲ್ಲ ಅಲ್ವಾ ಅಂತ ಇಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಬಂಧನದ ಮೇಲೆ ಪಟ್ಟಿ ಬೆಳೆದರೆ, ಪೊಲೀಸರು ಯಾರನ್ನು ಜಾಸ್ತಿ ಬಂಧಿಸುತ್ತಾರೋ ಅವರೇ ಜಾಸ್ತಿ ಇರುತ್ತಾರೆ, ನಿಜ. ಬ್ರಿಟನ್, ಅಮೆರಿಕ ಎರಡರಲ್ಲೂ ಕಪ್ಪು ಜನರ ಪಾಲು ಜನಸಂಖ್ಯೆಯಲ್ಲಿ ಅವರ ಪಾಲಿಗಿಂತ ಬಹಳ ದೊಡ್ಡದು. ಆದರೆ ಎಲ್ಲರನ್ನೂ ಒಳಗೆ ಹಾಕಿದರೆ ನಾವೆಲ್ಲರೂ ಪ್ರತಿ ದಿನ, ಪ್ರತಿ ಕೇಸಿನಲ್ಲಿ ಶಂಕಿತರ ಸಾಲಿನಲ್ಲಿ ನಿಂತ ಹಾಗೆ. ಆಂಬುಲೆನ್ಸ್‌ನ ಆ ಬಡವನ ಪಾಡು ಯಾರಿಗಾದರೂ ಬರಬಹುದು. ಇನ್ನೊಂದು ವಿಷಯ, ಪ್ರೊಫೈಲ್ ಬೇರೆ, ಮಾದರಿ ಬೇರೆ. 40 ಸಂಖ್ಯೆಗಳಿಂದ ನಿಮ್ಮ ಕಾಯಿಲೆ, ಮುಖ ಗೊತ್ತಾಗುವುದಿಲ್ಲ. ಆದರೆ ಫ್ರಿಜ್ಜಿನಲ್ಲಿಟ್ಟ ಆ ಹತ್ತಿ ಕಡ್ಡಿಯಲ್ಲಿ ನಿಮ್ಮ ಇಡೀ ಡಿಎನ್ಎ ಇದೆ. ಸಂಖ್ಯೆ ತೆಗೆದುಕೊಂಡ ಮೇಲೆ ಕಡ್ಡಿಯನ್ನು ನಾಶ ಮಾಡುತ್ತಾರಾ ಇಲ್ಲವಾ, ಯಾವ ಕಾನೂನು ಬಂದರೂ ನಾನು ಮೊದಲು ಅದನ್ನೇ ಹುಡುಕುತ್ತೇನೆ.

ಪಟ್ಟಿಯಲ್ಲಿ ನೀವಿಲ್ಲದಿದ್ದರೂ ನಿಮ್ಮವರು ಇದ್ದರೆ ಸಾಕು ಅನ್ನುವ ಕಾಲ ಬಂದಿದೆ. ಬ್ರಿಟನ್ನಿನಲ್ಲಿ ಸೇತುವೆ ಮೇಲಿಂದ ಇಟ್ಟಿಗೆ ಎಸೆದು ಲಾರಿ ಚಾಲಕನ ಸಾವಿಗೆ ಕಾರಣನಾದವನು 2004ರಲ್ಲಿ ಶಿಕ್ಷೆಗೆ ಒಳಗಾದ. ಅವನನ್ನು ತೋರಿಸಿದ್ದು ಡೇಟಾಬೇಸ್‌ನಲ್ಲಿದ್ದ ಸಂಬಂಧಿಕನ ಪ್ರೊಫೈಲ್. 2018ರಲ್ಲಿ ಕ್ಯಾಲಿಫೋರ್ನಿಯಾದ ಸರಣಿ ಕೊಲೆಗಾರ ಜೋಸೆಫ್ ಡಿಏಂಜೆಲೊ ಸಿಕ್ಕಿದ್ದು ಪೊಲೀಸ್ ಡೇಟಾಬೇಸ್‌ನಿಂದ ಅಲ್ಲವೇ ಅಲ್ಲ. ಜನ ತಮ್ಮ ವಂಶವೃಕ್ಷ ಹುಡುಕಲು ಡಿಎನ್ಎ ಹಾಕುತ್ತಿದ್ದ ಜೆಡ್‌ಮ್ಯಾಚ್ ಎಂಬ ತಾಣದಲ್ಲಿ ಅವನ ದೂರದ ದಾಯಾದಿಗಳು ಸಿಕ್ಕರು, ಅಲ್ಲಿಂದ ವಂಶಾವಳಿ ಕಟ್ಟುತ್ತಾ ಅವನ ಮನೆಗೆ ಬಂದರು. ಅಷ್ಟೊಂದು ಅತ್ಯಾಚಾರ, ಕೊಲೆ ಮಾಡಿದವನು ಸಿಕ್ಕಿದ್ದು ನನಗೂ ಸಮಾಧಾನವೇ. ಆದರೆ ಅಲ್ಲಿ ಡಿಎನ್ಎ ಹಾಕಿದವರು ಇದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಮರುವರ್ಷ ಆ ತಾಣ, ಪೊಲೀಸರು ನೋಡಬಹುದು ಅಂತ ಒಪ್ಪಿದವರದ್ದು ಮಾತ್ರ ಅಂತ ನಿಯಮ ಬದಲಿಸಿತು.

ಪಟ್ಟಿ ದೊಡ್ಡದು ಮಾಡೋಣ ಅಂತ ಹೇಳುವವರಿಗೆ ನಾನು ಡೆಟ್ರಾಯಿಟ್ ನೆನಪಿಸುತ್ತೇನೆ. 2009ರಲ್ಲಿ ಅಲ್ಲಿನ ಪೊಲೀಸ್ ಗೋದಾಮಿನಲ್ಲಿ 11,000ಕ್ಕೂ ಹೆಚ್ಚು ಅತ್ಯಾಚಾರ ಪರೀಕ್ಷೆಯ ಕಿಟ್‌ಗಳು ಧೂಳು ಹಿಡಿದು ಕೂತಿದ್ದವು. ಒಂದೊಂದು ಪೆಟ್ಟಿಗೆಯ ಹಿಂದೆ ಒಬ್ಬೊಬ್ಬ ಹೆಣ್ಣುಮಗಳು. ನೋವಿನಲ್ಲಿ, ಅವಮಾನದಲ್ಲಿ ಗಂಟೆಗಟ್ಟಲೆ ಪರೀಕ್ಷೆಗೆ ಒಳಗಾಗಿ, ಅಪರಾಧಿ ಸಿಗಲಿ ಅಂತ ಕೊಟ್ಟಿದ್ದು. ಯಾರೂ ಪ್ರಯೋಗಾಲಯಕ್ಕೇ ಕಳಿಸಿರಲಿಲ್ಲ. ವರ್ಷಗಳ ಮೇಲೆ ಪರೀಕ್ಷೆ ಮಾಡಿ ಡೇಟಾಬೇಸ್‌ಗೆ ಹಾಕಿದಾಗ, ಒಂದಕ್ಕಿಂತ ಹೆಚ್ಚು ಅತ್ಯಾಚಾರ ಮಾಡಿದ 800ಕ್ಕೂ ಜಾಸ್ತಿ ಶಂಕಿತರು ಕಂಡರು. ಮೊದಲ ಪೆಟ್ಟಿಗೆಯನ್ನೇ ತೆರೆದಿದ್ದರೆ ಎರಡನೆಯ, ಮೂರನೆಯ ಹೆಣ್ಣುಮಗಳು ಉಳಿಯುತ್ತಿದ್ದಳು. ಡೇಟಾಬೇಸ್ ಅಷ್ಟು ಹೊತ್ತೂ ಅಲ್ಲೇ ಇತ್ತು, ಕೆಲಸ ಮಾಡುತ್ತಿತ್ತು. ದುಡ್ಡು, ಸಿಬ್ಬಂದಿ ಮೊದಲು ಹೋಗಬೇಕಾದ್ದು ಆ ಗೋದಾಮಿಗೆ, ಇನ್ನೊಂದಿಷ್ಟು ಲಕ್ಷ ಜನರ ಕೆನ್ನೆ ಒರೆಸುವುದಕ್ಕಲ್ಲ.

ಕೊನೆಯದಾಗಿ ಕರ್ಕ್ ಬ್ಲಡ್ಸ್‌ವರ್ತ್ ಕಥೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1984ರಲ್ಲಿ ಒಂಬತ್ತು ವರ್ಷದ ಮಗುವಿನ ಅತ್ಯಾಚಾರ, ಕೊಲೆ. ಐದು ಜನ ಸಾಕ್ಷಿಗಳು ಇವನೇ ಅಂತ ಬ್ಲಡ್ಸ್‌ವರ್ತ್‌ನನ್ನು ತೋರಿಸಿದರು. ಮರಣದಂಡನೆ ಆಯಿತು, ಮರುವಿಚಾರಣೆಯಲ್ಲಿ ಅದು ಜೀವಾವಧಿಯಾಯಿತು. ಜೈಲಿನಲ್ಲಿ ಅವನ ಕೈಗೆ ಒಂದು ಪುಸ್ತಕ ಸಿಕ್ಕಿತು. ನಾನು ಶುರುವಿನಲ್ಲಿ ಹೇಳಿದೆನಲ್ಲ, ಲೆಸ್ಟರ್‌ಶೈರ್‌ನ ಆ ಕೇಸು, ಅದರ ಬಗ್ಗೆ ಬರೆದದ್ದು. ಓದಿ, ಅದು ಒಬ್ಬನನ್ನು ಹಿಡಿಯಬಲ್ಲದಾದರೆ ನನ್ನನ್ನು ಬಿಡಿಸಲೂ ಬೇಕಲ್ಲ ಅಂತ ಹಠ ಹಿಡಿದ. ಮಗುವಿನ ಬಟ್ಟೆಯ ಮೇಲಿನ ಒಂದು ಸಣ್ಣ ಕಲೆ ಪರೀಕ್ಷೆ ಆಯಿತು, ಅವನದ್ದಲ್ಲ. 1993ರ ಜೂನ್ 28ರಂದು ಬಿಡುಗಡೆ. ಮರಣದಂಡನೆಗೆ ಗುರಿಯಾಗಿ ಡಿಎನ್ಎಯಿಂದ ನಿರಪರಾಧಿ ಅಂತ ಸಾಬೀತಾದ ಮೊದಲ ಅಮೆರಿಕನ್ ಅವನು. ಆದರೂ ಅನುಮಾನ ಅವನನ್ನು ಬಿಡಲಿಲ್ಲ. ಊರಿನವರು ಹಿಂದೆ ಮಾತಾಡುವುದು ನಿಲ್ಲಲಿಲ್ಲ. ಅದು ಹತ್ತು ವರ್ಷ ನಡೆಯಿತು.

2003ರಲ್ಲಿ ಆ ಕಲೆಯ ಪ್ರೊಫೈಲನ್ನು ಡೇಟಾಬೇಸ್‌ಗೆ ಹಾಕಿದರು. ಹೊಂದಿತು. ಆ ಮನುಷ್ಯ ಬೇರೊಂದು ಅಪರಾಧಕ್ಕೆ ಅದೇ ಜೈಲಿನಲ್ಲಿ, ಬ್ಲಡ್ಸ್‌ವರ್ತ್ ಇದ್ದ ಕೋಣೆಗಿಂತ ಒಂದು ಮಹಡಿ ಕೆಳಗೆ ಇದ್ದವನು. ಬ್ಲಡ್ಸ್‌ವರ್ತ್ ಜೈಲಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ. ಅವನಿಗೆ ಪುಸ್ತಕ ಕೊಂಡೊಯ್ದು ಕೊಡುತ್ತಿದ್ದ.